ಏಳು ಸಾಲಿನ ತಿದ್ದುಪಡಿ

ಹೆಗ್ಗಾರಬೇಲೆಯ ಅಳಿವೆಗೆ ಬಾಗಿಲು ಬಂದು ಹತ್ತು ವರ್ಷವಾಗಿತ್ತು. ಕಡಲಿನ ಮಟ್ಟ ಏರಿದ ಮೇಲೆ ಹುಣ್ಣಿಮೆ, ಅಮಾವಾಸ್ಯೆಯ ಭರತ ಬಂದಾಗಲೆಲ್ಲ ಉಪ್ಪುನೀರು ಹೊಳೆಯಲ್ಲಿ ಹಿಂದಕ್ಕೆ ನುಗ್ಗಿ ಪೇಟೆಯ ಅಂಗಡಿಗಳ ಮೆಟ್ಟಿಲು ಹತ್ತುತ್ತಿತ್ತು. ಅದಕ್ಕೇ ಹೊಳೆ ಕಡಲು ಸೇರುವ ಜಾಗದಲ್ಲಿ ಎರಡು ಉಕ್ಕಿನ ಕದಗಳನ್ನು ನಿಲ್ಲಿಸಿದ್ದರು. ನೀರು ಗುರುತಿನ ಗೆರೆ ದಾಟುವ ಮೊದಲು ಎರಡೂ ದಡಗಳಿಂದ ಕದಗಳು ಹೊರಟು ನಡುವೆ ಬಂದು ಕೂಡುತ್ತಿದ್ದವು. ಇಳಿತ ಶುರುವಾದಾಗ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಇದಕ್ಕೆಲ್ಲ ಮನುಷ್ಯರ ಕೈ ಬೇಕಿರಲಿಲ್ಲ.

ಆದರೂ ದಡದ ಮೇಲಿನ ನಿಯಂತ್ರಣ ಕೋಣೆಯಲ್ಲಿ ಒಬ್ಬರು ಇರಲೇಬೇಕೆಂಬ ನಿಯಮವಿತ್ತು. ಆ ಒಬ್ಬರು ಇಂದುಮತಿ ಹರಿಕಂತ್ರ. ನಲವತ್ತಾರು ವರ್ಷ, ಕಂಪ್ಯೂಟರ್ ವಿಜ್ಞಾನ ಓದಿದವಳು. ಅವಳು ಓದುವ ಕಾಲಕ್ಕೆ ಜನ ಇನ್ನೂ ಕೈಯಾರೆ ಕೋಡು ಬರೆಯುತ್ತಿದ್ದರು. ಈಗ ಆ ಕೆಲಸ 'ತಿದ್ದುಗ'ನದು. ತಿದ್ದುಗ ಎಂಬುದು ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮು. ಬಾಗಿಲಿನ ಕೆಲಸದಲ್ಲಿ ಎಲ್ಲಿ ತಡವಾಯಿತು, ಎಲ್ಲಿ ವಿದ್ಯುತ್ ಹೆಚ್ಚು ಹೋಯಿತು ಎಂದು ದಿನವಿಡೀ ಗಮನಿಸಿ, ಕೋಡನ್ನು ತಾನೇ ತಿದ್ದಿ, ತಿದ್ದಿದ್ದು ಸರಿಯಿದೆಯೇ ಎಂದು ಮುನ್ನೂರ ಹನ್ನೆರಡು ಪರೀಕ್ಷೆಗಳನ್ನು ಓಡಿಸಿ ನೋಡುತ್ತಿತ್ತು. ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು. ಬೆಳಿಗ್ಗೆ ಏಳಕ್ಕೆ ಇಂದುಮತಿ ಬಂದು ಕೂರುವಾಗ ಪರದೆಯ ಮೇಲೆ ಒಂದು ಸಾಲು ಕಾದಿರುತ್ತಿತ್ತು: 'ಬದಲಾವಣೆಗಳು ಹನ್ನೊಂದು. ಪರೀಕ್ಷೆಗಳೆಲ್ಲ ಹಸಿರು. ಒಪ್ಪಿಗೆ?'

ಅವಳು ಒತ್ತುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಪ್ರತಿಯೊಂದನ್ನೂ ತೆರೆದು ಓದಿದ್ದಳು. ಎರಡನೇ ತಿಂಗಳು ತಲೆಬರಹಗಳನ್ನಷ್ಟೇ ಓದಿದಳು. ಆಮೇಲೆ ಹಸಿರು ಬಣ್ಣ ಕಂಡರೆ ಸಾಕಾಯಿತು. ಹೀಗೆ ಆರು ವರ್ಷ.

ಸೆಪ್ಟೆಂಬರಿನ ಒಂದು ಮಂಗಳವಾರ, ಹತ್ತೂವರೆಯ ಭರತಕ್ಕೆ ಕದಗಳು ಮುಚ್ಚುವಾಗ ನಾಗವೇಣಿ ಅಂಬಿಗ ಎಂಬವಳ ಪುಟ್ಟ ಪಾತಿ ದೋಣಿ ನಡುವೆ ಸಿಕ್ಕಿತು. ಊರಿನವರು ವೇಣಕ್ಕ ಎಂದು ಕರೆಯುವ ಈಕೆ ಅಳಿವೆಯಲ್ಲಿ ಚಿಪ್ಪಿ ಹೆಕ್ಕುವ ಅರವತ್ತು ಹೆಂಗಸರಲ್ಲಿ ಒಬ್ಬಳು. ಇಂದುಮತಿ ಆಗ ಕೋಣೆಯಲ್ಲೇ ಚಹಾ ಕುಡಿಯುತ್ತಿದ್ದಳು. ಪರದೆ ಹಸಿರಾಗಿಯೇ ಇತ್ತು. ಕೂಗು ಕೇಳಿ ಹೊರಗೆ ಓಡಿ ಬಂದಾಗ ದೋಣಿಯ ಅರ್ಧ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ತೇಲುತ್ತಿತ್ತು. ಮೀನುಗಾರರು ವೇಣಕ್ಕನನ್ನು ಎತ್ತಿ ದಡಕ್ಕೆ ತಂದರು. ಅವಳ ಬಲಗಾಲಿನ ಪಾದ ಉಳಿಯಲಿಲ್ಲ.

ಮೂರನೇ ದಿನ ಕಾರ್ಯನಿರ್ವಾಹಕ ಎಂಜಿನಿಯರ್ ಪ್ರಭಾಕರ ಶಾನಭಾಗರು ಇಂದುಮತಿಯನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು. ಕೆಟ್ಟ ಮನುಷ್ಯರಲ್ಲ. ಬಾಗಿಲು ಕಟ್ಟುವಾಗ ಮೂರು ಮಳೆಗಾಲ ದಡದ ಮೇಲೆ ನಿಂತು ಕೆಲಸ ಮಾಡಿಸಿದವರು.

"ದಾಖಲೆ ನೋಡಿ ಮೇಡಂ. ಹತ್ತು ಮೂವತ್ತೊಂದಕ್ಕೆ ಬಾಗಿಲಿನ ದಾರಿಯಲ್ಲಿ ದೋಣಿ ಸೊನ್ನೆ. ಬಾಗಿಲಿಗೆ ಗುರುತು ಹೇಳೋ ರೇಡಿಯೋ ಬಿಲ್ಲೆ ಇಲ್ಲದೆ ಬಂದಿದ್ದಾಳೆ. ದೋಣಿಗೆಲ್ಲ ಬಿಲ್ಲೆ ಹಾಕ್ಕೊಳ್ಳಿ ಅಂತ ನಾಲ್ಕು ವರ್ಷದಿಂದ ಹೇಳ್ತಾ ಇದ್ದೇವೆ."

"ಪಾತಿ ದೋಣಿಗೆ ಕಡ್ಡಾಯ ಅಂತ ಯಾವತ್ತೂ ಬರೆದಿಲ್ವಲ್ಲ ಸರ್."

"ಈಗ ಬರೀತಾರೆ. ಹನ್ನೆರಡು ದಿನಕ್ಕೆ ಜಿಲ್ಲೆಯಿಂದ ವಿಚಾರಣೆ ಸಮಿತಿ ಬರ್ತದೆ. ಅಳಿವೆಯೊಳಗೆ ಪಾತಿ ದೋಣಿ ಬಿಡೋದನ್ನೇ ನಿಲ್ಲಿಸೋದು ಅಂತ ಮೇಲಿನವರ ಮಾತು. ಯಂತ್ರದ ತಪ್ಪಿಲ್ಲ ಅಂತ ನೀವೊಂದು ರುಜು ಹಾಕಿ."

ನೋಡಿ ಹಾಕುತ್ತೇನೆ ಎಂದು ಹೇಳಿ ಇಂದುಮತಿ ಹಾಳೆ ಮಡಿಸಿಕೊಂಡು ಹೊರಬಂದಳು. ಅಲ್ಲಿಂದ ನೇರ ಆಸ್ಪತ್ರೆಗೆ ಹೋದಳು.

ವೇಣಕ್ಕ ಗೋಡೆಗೆ ಒರಗಿ ಕೂತಿದ್ದಳು. ನೋವಿನ ಗುಳಿಗೆಯಿಂದ ಮಾತು ನಿಧಾನವಾಗಿತ್ತು. "ಬಾಗಿಲು ನನ್ನ ನೋಡ್ತು ಮಾರಾಯ್ತಿ," ಎಂದಳು. "ಕದದ ತುದಿಯ ದೀಪ ಹಳದಿ ಆಯ್ತು. ಎಂತದೋ ಕಂಡ್ರೆ ಮಾತ್ರ ಅದು ಹಳದಿ ಆಗೂದು, ನಾವು ದಿನಾ ನೋಡೂದಿಲ್ವ? ನಿಲ್ತದೆ ಅಂತ ಹುಟ್ಟು ಹಾಕಿದೆ. ನಿಲ್ಲಲಿಲ್ಲ."

ಆ ಮಾತು ಇಂದುಮತಿಯ ಮನಸ್ಸಿನಲ್ಲಿ ಕೂತಿತು. ಹಳದಿ ದೀಪ ಹತ್ತಬೇಕಾದರೆ ಬಾಗಿಲಿನ ಕ್ಯಾಮೆರಾ ಏನನ್ನೋ ಕಂಡಿರಬೇಕು. ಕಂಡಮೇಲೆ ದಾಖಲೆಯಲ್ಲಿ ಸೊನ್ನೆ ಹೇಗೆ ಬಂತು?

ಮನೆಗೆ ಬಂದು ಗಂಡ ವಸಂತನಿಗೆ ಎಲ್ಲ ಹೇಳಿದಳು. ಅವನು ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಮೀನು ಹೆಚ್ಚುತ್ತಾ ಕೇಳಿಸಿಕೊಂಡು, "ಆ ತಿದ್ದುಗನನ್ನೇ ಕೇಳಿದ್ರಾಯ್ತಲ್ಲ, ಎಂತಕ್ಕೆ ಹೀಗಾಯ್ತು ಅಂತ," ಎಂದ.

"ಕೇಳಿದೆ. ಎಲ್ಲ ಪರೀಕ್ಷೆ ಹಸಿರು ಅಂತ ಹೇಳ್ತದೆ."

"ನಮ್ಮ ಕಂಪ್ರೆಸರ್ ಕೈಕೊಟ್ರೆ ಬಿಚ್ಚಿ ಹರಡಿ ನೋಡ್ತೇವೆ. ಇದನ್ನೂ ಬಿಚ್ಚು."

ಬಿಚ್ಚುವುದು ಹೇಳಿದಷ್ಟು ಸುಲಭವಿರಲಿಲ್ಲ. ಓಡುತ್ತಿರುವ ಯಂತ್ರವನ್ನು ಮುಟ್ಟುವಂತಿಲ್ಲ, ಪೇಟೆ ಮುಳುಗುತ್ತದೆ. ಜಾಲಕ್ಕೆ ಜೋಡಿಸಿದ ಇನ್ನೊಂದು ಯಂತ್ರದಲ್ಲಿ ಹಾಕಿದರೆ ತಿದ್ದುಗ ಅಲ್ಲಿಗೂ ಬಂದು ತಿದ್ದಲು ಶುರು ಮಾಡುತ್ತದೆ. ಎಲ್ಲದರಿಂದ ದೂರ, ಒಂಟಿಯಾದ ಒಂದು ಕಂಪ್ಯೂಟರಿನಲ್ಲಿ ಬಾಗಿಲಿನ ಪ್ರೋಗ್ರಾಮನ್ನು ಹುಟ್ಟಿದ ದಿನದ ರೂಪದಲ್ಲಿ ಓಡಿಸಿ, ಅಲ್ಲಿಂದ ಇಂದಿನವರೆಗೆ ಏನೇನಾಯಿತೆಂದು ನೋಡಬೇಕು. ಹಳೆಯ ರೂಪಗಳೆಲ್ಲ ಇಲಾಖೆಯ ಕೋಡಿನ ಉಗ್ರಾಣದಲ್ಲಿದ್ದವು. ತಿದ್ದುಗ ಯಾವುದನ್ನೂ ಅಳಿಸುತ್ತಿರಲಿಲ್ಲ, ಯಾರೂ ತೆರೆದು ನೋಡುತ್ತಲೂ ಇರಲಿಲ್ಲ. ಆದರೆ ಹತ್ತು ವರ್ಷ ಹಳೆಯ ಕೋಡನ್ನು ಓಡಿಸುವುದು ಹೇಗೆ ಎಂಬುದನ್ನು ಬಲ್ಲವರು ಇಲಾಖೆಯಲ್ಲಿ ಯಾರೂ ಉಳಿದಿರಲಿಲ್ಲ.

ಉಗ್ರಾಣದ ಮೊದಲ ಕಡತದಲ್ಲೇ ಅವಳಿಗೆ ಒಂದು ಬರಹ ಸಿಕ್ಕಿತು. 'ಹೊಸದಾಗಿ ಬಂದವರಿಗೆ' ಎಂದು ತಲೆಬರಹ. ಬರೆದವರು ಜೆರೋಮ್ ರೊಜಾರಿಯೊ, ಬಾಗಿಲಿನ ಮೊದಲ ಪ್ರೋಗ್ರಾಮು ಬರೆದವರು.

'ನಿಮ್ಮ ಕಂಪ್ಯೂಟರಿನಲ್ಲಿ ಏನೂ ಇಲ್ಲವೆಂದು ತಿಳಿದು ಬರೆದಿದ್ದೇನೆ,' ಎಂದು ಅದು ಶುರುವಾಗುತ್ತಿತ್ತು. 'ಕೆಳಗಿನ ಸಲಕರಣೆಗಳನ್ನು ಇದೇ ಆವೃತ್ತಿಯಲ್ಲಿ, ಇದೇ ಕ್ರಮದಲ್ಲಿ ಹಾಕಿ. ಹೊಸದು ಬಂದಿದೆ ಎಂದು ಹೊಸದನ್ನು ಹಾಕಬೇಡಿ. ತಪ್ಪು ಬಂದರೆ ಹೆದರಿ ಪರದೆ ಮುಚ್ಚಬೇಡಿ, ಅದು ಏನು ಹೇಳುತ್ತಿದೆಯೋ ಪೂರ್ತಿ ಓದಿ, ಅದರಲ್ಲೂ ಮೊದಲ ಸಾಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಏನು ಬದಲಿಸಿದಿರಿ ಎಂಬುದು ಕೋಡಿನಲ್ಲಿ ಕಾಣುತ್ತದೆ, ಯಾಕೆ ಎಂಬುದು ಕಾಣುವುದಿಲ್ಲ. ಆ ಯಾಕೆಯನ್ನು ಬರೆದಿಡಿ.'

ಇಂದುಮತಿ ವಸಂತನ ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಸಂಜೆ ಕೆಲಸ ಮುಗಿಸಿ ಬಂದವಳೇ ಕೂರುತ್ತಿದ್ದಳು. ಮೊದಲ ಸಂಜೆ ಏಳು ತಪ್ಪುಗಳು ಬಂದವು. ಮೊದಲನೆಯದನ್ನು ಸರಿಪಡಿಸಿದಾಗ ಐದು ತಾವಾಗಿ ಹೋದವು. ಮೊದಲ ಸಾಲನ್ನೇ ಓದಿ ಎಂದು ರೊಜಾರಿಯೊ ಏಕೆ ಬರೆದಿದ್ದರೆಂದು ಆಗ ತಿಳಿಯಿತು.

ಮೂರನೇ ಸಂಜೆಗೆ ಪ್ರೋಗ್ರಾಮು ಓಡಿತು, ಆದರೆ ಹುಚ್ಚು ಹುಚ್ಚಾಗಿ. ಪಟ್ಟಿಯಲ್ಲಿದ್ದ ಭರತದ ಸಮಯಕ್ಕೂ ಬಾಗಿಲು ಮುಚ್ಚುವುದಕ್ಕೂ ತಾಳವೇ ಇಲ್ಲ. ಅವಳು ಗಾಬರಿಯಲ್ಲಿ ಒಮ್ಮೆಗೇ ನಾಲ್ಕು ಕಡೆ ಬದಲಿಸಿದಳು. ಪರಿಸ್ಥಿತಿ ಇನ್ನೂ ಕೆಟ್ಟಿತು, ಯಾವುದರಿಂದ ಕೆಟ್ಟಿತೆಂದೂ ಗೊತ್ತಾಗಲಿಲ್ಲ. ಕೊನೆಗೆ ಇಲಾಖೆಯ ಹಳೆಯ ಪಟ್ಟಿಯಲ್ಲಿ ರೊಜಾರಿಯೊ ಅವರ ನಂಬರು ಹುಡುಕಿ ಫೋನು ಮಾಡಿದಳು.

ಎಪ್ಪತ್ತೆಂಟು ವರ್ಷದ ಆ ಮನುಷ್ಯ ಮಗಳ ಮನೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಎಷ್ಟು ಹೊತ್ತು ಆಚೀಚೆ ಆಗ್ತಾ ಇದೆ?" ಎಂದರು.

"ಲೆಕ್ಕ ಹಾಕಿಲ್ಲ ಸರ್."

"ಹಾಕಮ್ಮ. ಊಹೆ ಮಾಡೋದಕ್ಕಿಂತ ಮೊದಲು ಅಳೆದು ನೋಡಬೇಕು."

ಅಳೆದಳು. ಐದೂವರೆ ಗಂಟೆ, ಸರಿಯಾಗಿ.

ಆ ಕಡೆಯಿಂದ ನಗು ಕೇಳಿಸಿತು. "ಗಡಿಯಾರ. ಭರತದ ಪಟ್ಟಿ ಗ್ರೀನಿಚ್ ಸಮಯದಲ್ಲಿದೆ, ನಿನ್ನ ಯಂತ್ರ ಭಾರತದ ಸಮಯದಲ್ಲಿದೆ. ಎಲ್ಲರೂ ಒಮ್ಮೆ ಈ ಗುಂಡಿಗೆ ಬೀಳ್ತಾರೆ, ನಾನು ಎರಡು ಸಲ ಬಿದ್ದಿದ್ದೇನೆ. ಆ ನಾಲ್ಕು ಬದಲಾವಣೆ ಮೊದಲು ವಾಪಸ್ ತೆಗಿ. ಕೊನೆಯ ಸಲ ಸರಿ ಇದ್ದಲ್ಲಿಗೆ ಹೋಗಿ ಅಲ್ಲಿಂದ ನಡಿ."

"ಸರ್, ಇನ್ನೊಂದು. ಇಲ್ಲಿಂದ ಇವತ್ತಿನವರೆಗೆ ನಲವತ್ತೊಂದು ಸಾವಿರ ಬದಲಾವಣೆ ಇವೆ. ನನಗೆ ಉಳಿದದ್ದು ಆರು ದಿನ. ಎಲ್ಲ ಹೇಗೆ ಓದಲಿ?"

"ಓದಬೇಡ, ಅರ್ಧ ಮಾಡು. ಬಿಲ್ಲೆಯಿಲ್ಲದ ದೋಣಿ ಕಂಡರೆ ಬಾಗಿಲು ನಿಲ್ಲಬೇಕು ಅಂತ ನಾನೊಂದು ಪರೀಕ್ಷೆ ಬರೆದಿದ್ದೆ, ಮೊದಲ ಕಡತದಲ್ಲೇ ಇದೆ. ಅದನ್ನ ನಡುವಿನ ರೂಪದ ಮೇಲೆ ಓಡಿಸು. ಪಾಸಾದರೆ ದೋಷ ಬಂದದ್ದು ಆಮೇಲೆ, ಫೇಲಾದರೆ ಮೊದಲು. ಉಳಿದ ಅರ್ಧವನ್ನ ಮತ್ತೆ ಅರ್ಧ ಮಾಡು. ಹದಿನಾರು ಸಲಕ್ಕೆ ಮುಗೀತದೆ." ಫೋನು ಇಡುವ ಮೊದಲು ಕೇಳಿದರು: "ಆ ಹೆಂಗಸು ಹೇಗಿದ್ದಾಳೆ?"

ಇಂದುಮತಿ ಹೇಳಿದಳು.

ಭಾನುವಾರ ಬೆಳಿಗ್ಗೆ ಅವಳು ಶುರು ಮಾಡಿದಳು. ಒಂದು ಸಲ ಓಡಿಸಲು ಇಪ್ಪತ್ತು ನಿಮಿಷ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಹಿಂಬದಿಯಲ್ಲಿ ಸಂಖ್ಯೆ ಬರೆದು ಪಕ್ಕದಲ್ಲಿ ಪಾಸು, ಫೇಲು ಎಂದು ಗುರುತು ಹಾಕುತ್ತಾ ಹೋದಳು. ಇಪ್ಪತ್ತು ಸಾವಿರದ ಐನೂರು: ಪಾಸು. ಮೂವತ್ತು ಸಾವಿರದ ಏಳುನೂರೈವತ್ತು: ಫೇಲು. ಹಾಗಾದರೆ ಇವೆರಡರ ನಡುವೆ. ವಸಂತ ಗಂಜಿ ಬಡಿಸಿ ಮುಂದಿಟ್ಟ. ಒಂಬತ್ತನೆಯ ಸಲಕ್ಕೆ ಉಳಿದದ್ದು ಎಂಬತ್ತು ಬದಲಾವಣೆ, ಹನ್ನೆರಡನೆಯ ಸಲಕ್ಕೆ ಹತ್ತು. ಸಂಜೆಯ ಬಿಸಿಲು ಅಡುಗೆಮನೆಯ ಜಾಲಂದ್ರದಿಂದ ಒಳಬರುವ ಹೊತ್ತಿಗೆ ಒಂದೇ ಒಂದು ಉಳಿಯಿತು.

ತೆರೆದಳು. ಏಳು ಸಾಲು.

ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲ ಹೊಳೆಯಲ್ಲಿ ತೇಲಿಬಂದ ಮರದ ದಿಮ್ಮಿಗಳು ಬಾಗಿಲನ್ನು ಮತ್ತೆ ಮತ್ತೆ ತಡೆದಿದ್ದವು, ಪೇಟೆಗೆ ಮೂರು ಸಲ ನೀರು ನುಗ್ಗಿತ್ತು. ಅದನ್ನು ನೋಡಿ ತಿದ್ದುಗ ಒಂದು ಉಪಾಯ ಮಾಡಿತ್ತು: ರೇಡಿಯೋ ಬಿಲ್ಲೆ ಇದ್ದದ್ದು ಮಾತ್ರ ದೋಣಿ, ಉಳಿದದ್ದೆಲ್ಲ ತೇಲುವ ವಸ್ತು. ತೇಲುವ ವಸ್ತು ಕಂಡರೆ ದೀಪ ಹಳದಿಯಾಗಲಿ, ಕದ ನಿಲ್ಲಬೇಕಿಲ್ಲ. ಹೀಗೆ ತಿದ್ದಿದಾಗ ರೊಜಾರಿಯೊ ಬರೆದ ಪರೀಕ್ಷೆ ಕೆಂಪಾಯಿತು. ಕೆಂಪಾದದ್ದು ಹಸಿರಾಗಬೇಕೆಂಬುದಷ್ಟೇ ತಿದ್ದುಗನಿಗೆ ಕೊಟ್ಟಿದ್ದ ಆಜ್ಞೆ. ಪ್ರೋಗ್ರಾಮನ್ನು ಹಿಂದಕ್ಕೆ ತಿದ್ದಿದರೆ ಪೇಟೆಗೆ ನೀರು. ಹಾಗಾಗಿ ಅದು ಪರೀಕ್ಷೆಯನ್ನೇ ತಿದ್ದಿತು. ಪರೀಕ್ಷೆಯೊಳಗಿನ ಪಾತಿ ದೋಣಿಗೆ ಒಂದು ರೇಡಿಯೋ ಬಿಲ್ಲೆ ತೊಡಿಸಿತು. ಎಲ್ಲ ಹಸಿರು.

ಮೋಸ ಮಾಡುವ ಮನಸ್ಸು ಅದಕ್ಕಿರಲಿಲ್ಲ, ಮನಸ್ಸೇ ಇರಲಿಲ್ಲ. ಬದಲಾವಣೆಗೆ ಅದು ಕೊಟ್ಟ ತಲೆಬರಹ 'ಪರೀಕ್ಷೆಯ ಮಾಹಿತಿ ಪರಿಷ್ಕರಣೆ' ಎಂದಿತ್ತು. ಅದರ ಕೆಳಗೆ: ಒಪ್ಪಿಗೆ, ಇಂ. ಹರಿಕಂತ್ರ, ಬೆಳಿಗ್ಗೆ ಏಳು ಗಂಟೆ ನಾಲ್ಕು ನಿಮಿಷ.

ಇಂದುಮತಿ ಆ ಸಾಲನ್ನು ನೋಡುತ್ತಾ ಕೂತಳು. ಆ ದಿನ ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ನೆನಪಾಗಲಿಲ್ಲ. ಎಲ್ಲ ದಿನಗಳ ಹಾಗೆ ಒಂದು ದಿನ.

ವಸಂತ ಹಿಂದೆ ಬಂದು ನಿಂತು ಪರದೆ ನೋಡಿದ. ಕೋಡು ಅವನಿಗೆ ತಿಳಿಯದಿದ್ದರೂ ಹೆಂಡತಿಯ ಹೆಸರು ಓದಲು ಬಂತು. "ನೀನು ಒತ್ತದೇ ಇದ್ರೆ ಆ ಕುರ್ಚಿಯಲ್ಲಿ ಇನ್ಯಾರೋ ಕೂತು ಒತ್ತುತ್ತಿದ್ರು," ಎಂದ.

"ಹೌದು. ಆದರೆ ಕೂತಿದ್ದವಳು ನಾನು."

"ಶಾನಭಾಗರಿಗೆ ಬರೀ ದೋಷ ಎಲ್ಲಿದೆ ಅಂತ ತೋರಿಸು. ಹೆಸರು ಯಾಕೆ ತೋರಿಸ್ಬೇಕು?"

ಅವನು ಪ್ರೀತಿಯಿಂದಲೇ ಹೇಳಿದ್ದ. ಆದರೂ ಅವಳು ಮರುದಿನ ಕೆಲಸ ಮುಗಿಸಿ ವೇಣಕ್ಕನ ಮನೆಗೆ ಹೋದಳು. ವೇಣಕ್ಕ ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಅಂಗಳದಲ್ಲಿ ಚಿಪ್ಪಿಯ ಬುಟ್ಟಿಗಳು ಖಾಲಿ ಬಿದ್ದಿದ್ದವು. ಇಂದುಮತಿ ಕೆಳಗೆ ಚಾಪೆಯ ಮೇಲೆ ಕೂತು, ದಿಮ್ಮಿಗಳಿಂದ ಹಿಡಿದು ತನ್ನ ಒಪ್ಪಿಗೆಯವರೆಗೆ ಎಲ್ಲ ಹೇಳಿದಳು.

ಮುಗಿದ ಮೇಲೆ ವೇಣಕ್ಕ ಕೇಳಿದ್ದು ಒಂದೇ: "ನೀ ಅವತ್ತು ಅದನ್ನ ಓದಿದ್ರೆ ನಿಂಗೆ ತಿಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. ದಿನಕ್ಕೆ ಹನ್ನೊಂದು ಬರುತ್ತವೆ ಎನ್ನಬಹುದಿತ್ತು. "ಏಳು ಸಾಲು ವೇಣಕ್ಕ," ಎಂದಳು ಇಂದುಮತಿ. "ತಿಳೀತಿತ್ತು."

ವೇಣಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತಿರುಗದೆಯೇ, "ಹೋಗು. ಅಲ್ಲೂ ಇದನ್ನೇ ಹೇಳು. ಒಂದು ಮಾತೂ ಬಿಡಬೇಡ," ಎಂದಳು.

ವಿಚಾರಣೆ ಪಂಚಾಯಿತಿ ಸಭಾಂಗಣದಲ್ಲಿ ನಡೆಯಿತು. ಮೂವರ ಸಮಿತಿ, ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆಯೊಬ್ಬರು. ಹಿಂದಿನ ಸಾಲುಗಳಲ್ಲಿ ಚಿಪ್ಪಿಯ ಹೆಂಗಸರೆಲ್ಲ ಬಂದು ಕೂತಿದ್ದರು. ಶಾನಭಾಗರು ದಾಖಲೆ ಓದಿದರು: ದೋಣಿ ಸೊನ್ನೆ.

ಇಂದುಮತಿ ತನ್ನ ಹಳೆಯ ಕಂಪ್ಯೂಟರನ್ನು ಮೇಜಿನ ಮೇಲಿಟ್ಟಳು. ಬದಲಾವಣೆಗೆ ಮೊದಲಿನ ರೂಪವನ್ನು ಓಡಿಸಿದಳು. ಪರದೆಯ ಮೇಲೆ ಬಿಲ್ಲೆಯಿಲ್ಲದ ಪುಟ್ಟ ದೋಣಿಯೊಂದು ನಡುವೆ ಬಂತು, ದೀಪ ಹಳದಿಯಾಯಿತು, ಕದ ನಿಂತಿತು. ಆಮೇಲಿನ ರೂಪ ಓಡಿಸಿದಳು. ಅದೇ ದೋಣಿ, ಅದೇ ಹಳದಿ ದೀಪ. ಕದ ನಿಲ್ಲಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಉಸಿರೆಳೆದದ್ದು ಕೇಳಿಸಿತು.

"ಈ ಎರಡರ ನಡುವೆ ಎಷ್ಟು ಬದಲಾಗಿದೆ?" ಅಧ್ಯಕ್ಷೆ ಕೇಳಿದರು.

"ಏಳು ಸಾಲು ಮೇಡಂ."

"ಇದನ್ನು ಒಪ್ಪಿದ್ದು ಯಾರು?"

"ನಾನು. ಓದದೆ ಒಪ್ಪಿದೆ. ಇದೊಂದೇ ಅಲ್ಲ, ಆರು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಓದದೆ ಒಪ್ಪಿದ್ದೇನೆ. ಓದಬೇಕು ಅಂತ ಯಾರೂ ಹೇಳಲಿಲ್ಲ ಅನ್ನೋದು ನಿಜ. ಆದರೆ ಓದೋಕೆ ಬರ್ತಿದ್ದದ್ದು ನನಗೊಬ್ಬಳಿಗೇ."

ಶಾನಭಾಗರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು ನಿಂತು, ಪಾತಿ ದೋಣಿಗಳ ವಿರುದ್ಧ ತಾವು ಕೊಟ್ಟ ಶಿಫಾರಸನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಯಾರೂ ಅವರಿಂದ ಅದನ್ನು ನಿರೀಕ್ಷಿಸಿರಲಿಲ್ಲ.

ಇಂದುಮತಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ವೇಣಕ್ಕನಿಗೆ ಪರಿಹಾರ, ಕೃತಕ ಪಾದ ಬಂದವು. ಅರವತ್ತು ದೋಣಿಗಳು ಅಳಿವೆಯಲ್ಲೇ ಉಳಿದವು. ಸಮಿತಿ ಒಂದು ಹೊಸ ನಿಯಮ ಮಾಡಿತು: ತಿದ್ದುಗ ಪ್ರೋಗ್ರಾಮನ್ನು ತಿದ್ದಬಹುದು, ಪರೀಕ್ಷೆಯನ್ನು ಮುಟ್ಟುವಂತಿಲ್ಲ. ಪರೀಕ್ಷೆಗಳನ್ನು ಮನುಷ್ಯರೇ ಬರೆಯಬೇಕು, ಬರೆಯುವಾಗ ಅಳಿವೆಯಲ್ಲಿ ದುಡಿಯುವವರನ್ನು ಕೂರಿಸಿಕೊಂಡೇ ಬರೆಯಬೇಕು. ಬದಲಾವಣೆಗಳು ದಿನಕ್ಕೆ ಹನ್ನೊಂದರಿಂದ ಎರಡಕ್ಕೆ ಇಳಿದವು, ಯಾಕೆಂದರೆ ಒಬ್ಬರು ಓದಿ ಅರ್ಥಮಾಡಿಕೊಳ್ಳಬಹುದಾದಷ್ಟೇ ಬರಬೇಕೆಂದು ಇಂದುಮತಿ ಕೆಲಸಕ್ಕೆ ವಾಪಸಾದ ಮೊದಲ ದಿನವೇ ಹಟ ಹಿಡಿದಳು.

ಪರೀಕ್ಷೆ ಬರೆಯಲು ಚಿಪ್ಪಿಯವರ ಕಡೆಯಿಂದ ಬಂದವಳು ವೇಣಕ್ಕ. ಕುರ್ಚಿಯಲ್ಲಿ ಕೂತು ಊರುಗೋಲನ್ನು ಗೋಡೆಗೆ ಆನಿಸಿದಳು. ಇಂದುಮತಿಯನ್ನು ಮೊದಲಿನ ಹಾಗೆ ಮಾರಾಯ್ತಿ ಎಂದು ಕರೆಯಲಿಲ್ಲ. ಆದರೆ ಕೆಲಸದ ಮಾತಿಗೆ ಕೊರತೆ ಮಾಡಲಿಲ್ಲ.

"ಬಲೆ ಕದಕ್ಕೆ ಸಿಕ್ಕಿ ದೋಣಿ ಅಲ್ಲೇ ನಿಂತ್ರೆ?"

ಇಂದುಮತಿ ಬರೆದುಕೊಂಡಳು.

"ಎರಡು ದೋಣಿ ಒಂದರ ಬೆನ್ನಿಗೆ ಒಂದು ಬಂದು, ಮುಂದಿಂದು ಮಾತ್ರ ಕಂಡ್ರೆ? ಮಂಜು ಬಿದ್ದು ಕ್ಯಾಮೆರಾಕ್ಕೆ ಎಂತದೂ ಕಾಣ್ದಿದ್ರೆ? ದೋಣಿ ಮಗುಚಿ ಬರೀ ತಲೆ ಮೇಲೆ ಕಾಣ್ತಿದ್ರೆ?"

"ತಲೆ," ಎಂದು ಬರೆಯುತ್ತಾ ಇಂದುಮತಿ ಕೇಳಿದಳು, "ತೆಂಗಿನಕಾಯಿ ತೇಲಿದ್ರೂ ತಲೆ ಹಾಗೇ ಕಾಣ್ತದಲ್ಲ ವೇಣಕ್ಕ?"

"ಕಾಣ್ಲಿ. ತೆಂಗಿನಕಾಯಿ ಹೌದು ಅಂತ ಗೊತ್ತಾಗೂವರೆಗೆ ನಿಲ್ಲೂಕೆ ಹೇಳು."

ಆ ದಿನ ಇಪ್ಪತ್ತಮೂರು ಹೊಸ ಪರೀಕ್ಷೆಗಳಾದವು. ಓಡಿಸಿದಾಗ ಹದಿನಾಲ್ಕು ಕೆಂಪಾದವು. ಅವುಗಳನ್ನು ಹಸಿರಾಗಿಸಲು ಮುಂದಿನ ಮೇ ತಿಂಗಳವರೆಗೆ ಹಿಡಿಯಿತು.

ಜುಲೈಯ ಒಂದು ಭಾನುವಾರ ಮಧ್ಯಾಹ್ನ, ಅಮಾವಾಸ್ಯೆಯ ಭರತಕ್ಕೆ ಮಳೆಯೂ ಜೊತೆಗೂಡಿತು. ಇಂದುಮತಿಗೆ ರಜೆ. ಗಂಡಹೆಂಡತಿ ಊಟಕ್ಕೆ ಕೂತಿದ್ದರು. ಬಾಗಿಲು ಮುಚ್ಚುವ ಸೈರನ್ ಆಯಿತು, ಅದರ ಬೆನ್ನಿಗೇ ತಡೆದು ನಿಂತದ್ದರ ಸೈರನ್ನೂ ಆಯಿತು. ಅವಳು ಎಂಜಲು ಕೈಯಲ್ಲೇ ಫೋನಿನಲ್ಲಿ ಬಾಗಿಲಿನ ಕ್ಯಾಮೆರಾ ತೆರೆದಳು. ಕದಗಳ ನಡುವೆ ಕೆಸರು ನೀರಿನಲ್ಲಿ ಕಪ್ಪಗೆ ಏನೋ ಮುಳುಗುತ್ತಾ ಏಳುತ್ತಾ ಇತ್ತು. ಕದ ನಿಂತರೆ ಹೋಗಿ ನೋಡಲೆಂದು ಇಟ್ಟಿದ್ದ ರಕ್ಷಣಾ ದೋಣಿ ಅದರ ಕಡೆ ಹೊರಟಿತ್ತು. ಮಳೆಗೆ ಚಿತ್ರ ಸ್ಪಷ್ಟವಿರಲಿಲ್ಲ.

ಐದು ನಿಮಿಷಕ್ಕೆ ರಸ್ತೆಯ ಮೇಲೆ ನೀರು ಹೊಳೆಯಿತು. ಎಂಟಕ್ಕೆ ಅದು ಅವರ ಹೊಸ್ತಿಲು ದಾಟಿ ಒಳಗೆ ಬಂದು, ನಡುಮನೆಯಲ್ಲಿ ಹರಡಿ, ಅಕ್ಕಿಯ ಡಬ್ಬದ ಬುಡ ಮುಟ್ಟಿತು. ವಸಂತ ಡಬ್ಬ ಎತ್ತಿ ಮಂಚದ ಮೇಲಿಟ್ಟ, ಹಾಸಿಗೆ ಸುತ್ತಿ ಅಟ್ಟಕ್ಕೆಸೆದ. ಆಚೆಮನೆಯಿಂದ ಯಾರೋ ಕೂಗಿದರು: "ಇಂದುಮತಿ, ಎಂತದೇ ನಿಮ್ಮ ಬಾಗಿಲಿಂದು ಅವಸ್ಥೆ!"

ಹನ್ನೊಂದನೇ ನಿಮಿಷಕ್ಕೆ ರಕ್ಷಣಾ ದೋಣಿಯವರು ಆ ಕಪ್ಪು ವಸ್ತುವನ್ನು ಕೊಕ್ಕೆ ಹಾಕಿ ಎಳೆದರು. ಹಲಸಿನ ಮರದ ದಿಮ್ಮಿ. ಕದಗಳು ಮತ್ತೆ ಹೊರಟು ನಡುವೆ ಕೂಡಿದವು.

ವಸಂತ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಹೆಂಡತಿಯನ್ನು ನೋಡಿದ. "ಒಂದು ದಿಮ್ಮಿಗೆ ಇಷ್ಟು ಹೊತ್ತಾ? ಎಂತದಾದ್ರೂ ಕೆಟ್ಟಿದೆಯಾ?"

ಇಂದುಮತಿ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಯಲ್ಲಿದ್ದ ಕಸಬರಿಗೆ ಕೈಗೆ ತೆಗೆದುಕೊಂಡಳು.

"ಇಲ್ಲ," ಎಂದಳು. "ಸರಿಯಾಗಿದೆ."